ಪಾರ್ಕ್ ಸ್ಟ್ರೀಟಿನ ಜಾಝ್ ಎಲ್ಲಿಗೆ ಹೋಯ್ತು?

ಕೋಲ್ಕತ್ತಾದ ಪಾರ್ಕ್ ಸ್ಟ್ರೀಟಿಗೆ ಹಿಂದೆ ಬರಿಯಲ್ ಗ್ರೌಂಡ್ ರೋಡ್ ಅನ್ನೋ ಹೆಸರಿತ್ತು. ಅಂದ್ರೆ ಸ್ಮಶಾನದ ದಾರಿ. 1767ರ ಆ ಸ್ಮಶಾನ ಈಗಲೂ ಅಲ್ಲೇ ಇದೆ. ಕಲ್ಕತ್ತಾದ ಜನ ರಾತ್ರಿ ಕುಣಿಯಲು ಬರುತ್ತಿದ್ದುದು ಇದೇ ರಸ್ತೆಗೆ!

ಜಾಝ್ ಅನ್ನೋ ಅಮೆರಿಕದ ಸಂಗೀತ ಈ ಊರಿಗೆ ಬಂದದ್ದು ದೊಡ್ಡ ಹೋಟೆಲ್‌ಗಳ ಮೂಲಕ. ಎರಡನೇ ಮಹಾಯುದ್ಧದ ದಿನಗಳಲ್ಲಿ ಅಮೆರಿಕದ ಪಿಯಾನೋ ವಾದಕ ಟೆಡ್ಡಿ ವೆದರ್‌ಫೋರ್ಡ್ ಚೌರಂಗಿಯ ಗ್ರ್ಯಾಂಡ್ ಹೋಟೆಲ್‌ನಲ್ಲಿ ಬ್ಯಾಂಡ್ ನಡೆಸುತ್ತಿದ್ದರು. ಊರ ತುಂಬ ಸೈನಿಕರು, ಕುಣಿಯುವವರಿಗೆ ಬರವಿರಲಿಲ್ಲ. 1945ರಲ್ಲಿ ಕಾಲರಾ ತಗುಲಿ ಅವರು ಕಲ್ಕತ್ತಾದಲ್ಲೇ ತೀರಿಕೊಂಡರು.

ಸ್ವಾತಂತ್ರ್ಯ ಬಂದಾಗ ಬ್ರಿಟಿಷರು ಹೋದರು, ಅವರ ಕಂಪನಿಗಳು ಹೋಗಲಿಲ್ಲ. ಚಹಾ, ಸೆಣಬಿನ ಕಂಪನಿಗಳಲ್ಲಿ ದೊರೆಗಳ ಕುರ್ಚಿಗೆ ನಮ್ಮವರು ಬಂದು ಕೂತರು. ಸಂಜೆಯಾದರೆ ಅವರಿಗೊಂದು ಜಾಗ ಬೇಕಿತ್ತು. 1956ರಲ್ಲಿ ಪಾರ್ಕ್ ಸ್ಟ್ರೀಟಿನಲ್ಲಿ ಮೊಕ್ಯಾಂಬೊ ರೆಸ್ಟೋರೆಂಟ್ ಶುರುವಾಯ್ತು. ಟ್ರಿಂಕಾಸ್, ಬ್ಲೂ ಫಾಕ್ಸ್, ಮೂಲಾ ರೂಜ್ ಎಲ್ಲದರಲ್ಲೂ ಬ್ಯಾಂಡ್. ಗೋವಾದ ಬ್ರಾಝ್ ಗೊನ್ಸಾಲ್ವಿಸ್ ಸ್ಯಾಕ್ಸೊಫೋನ್, ಡಾರ್ಜಿಲಿಂಗ್‌ನ ಲೂಯಿ ಬ್ಯಾಂಕ್ಸ್ ಪಿಯಾನೋ, ಪ್ಯಾಮ್ ಕ್ರೇನ್ ಹಾಡು. 60ರ ದಶಕದ ಕೊನೆಯಲ್ಲಿ ಟ್ರಿಂಕಾಸ್ ವೇದಿಕೆಗೆ ಕಾಂಜೀವರಂ ಸೀರೆ, ಹಣೆಗೆ ಬೊಟ್ಟು, ತಲೆಗೆ ಹೂವು ಮುಡಿದ ಹುಡುಗಿಯೊಬ್ಬಳು ಹತ್ತಿದಳು. ಗೌನು ನೋಡಿ ರೂಢಿಯಾದ ಗಿರಾಕಿಗಳಿಗೆ ಹೇಗಾಗಿರಬೇಡ! ಅವರೇ ಉಷಾ ಉತುಪ್. ಅವರದು ಪೂರ್ತಿ ಜಾಝ್ ಅಲ್ಲ, ಇರಲಿ.

ಇಲ್ಲೊಂದು ಲೆಕ್ಕ ಗಮನಿಸಬೇಕು. ಜನ ಬರುತ್ತಿದ್ದುದು ಊಟಕ್ಕೆ, ಕುಡಿಯೋಕೆ, ಕುಣಿಯೋಕೆ. ಬ್ಯಾಂಡಿನ ಸಂಬಳ ಆ ಬಿಲ್ಲಿನಿಂದಲೇ ಹುಟ್ಟಬೇಕಿತ್ತು. ಬಿಲ್ ಸೊರಗಿದರೆ ಸಂಗೀತವೂ ಸೊರಗಲೇಬೇಕು, ಅಲ್ವಾ?

ಸೊರಗಿದ್ದೂ ಹಾಗೇ. ನಕ್ಸಲ್ ಗಲಾಟೆಯ ವರ್ಷಗಳಲ್ಲಿ ಕತ್ತಲಾದ ಮೇಲೆ ಹೊರಗೆ ಕಾಲಿಡಲು ಜನ ಹೆದರಿದರು. ಘೇರಾವ್, ಮುಷ್ಕರ ಜಾಸ್ತಿಯಾಗಿ ಕಂಪನಿಗಳು ಬೇರೆ ಊರು ನೋಡಿಕೊಂಡವು. ಲೈವ್ ಸಂಗೀತ ಇಟ್ಟ ರೆಸ್ಟೋರೆಂಟ್‌ಗಳ ಮೇಲೆ ಮನರಂಜನಾ ತೆರಿಗೆ ಬಿತ್ತು. ಜೊತೆಗೆ ಕರೆಂಟಿನ ಕಾಟ. ನುಡಿಸುವವರಲ್ಲೂ ಕೇಳುವವರಲ್ಲೂ ಇದ್ದ ಆಂಗ್ಲೋ ಇಂಡಿಯನ್ನರು ಆಸ್ಟ್ರೇಲಿಯಾ, ಇಂಗ್ಲೆಂಡ್ ಕಡೆ ಹೊರಟರು. ತಪ್ಪನ್ನೆಲ್ಲ ತೆರಿಗೆಯ ತಲೆಗೇ ಕಟ್ಟುವವರಿದ್ದಾರೆ. ನನಗೇನೋ ಗಿರಾಕಿ ಹೋದದ್ದೇ ದೊಡ್ಡ ಪೆಟ್ಟು ಅನ್ನಿಸುತ್ತದೆ.

ಬ್ಲೂ ಫಾಕ್ಸ್‌ನಲ್ಲಿ ನುಡಿಸುತ್ತಿದ್ದ ಲೂಯಿ ಬ್ಯಾಂಕ್ಸ್ ಅವರನ್ನು ಹಿಂದಿ ಸಿನಿಮಾದ ಸಂಗೀತ ನಿರ್ದೇಶಕ ಆರ್.ಡಿ. ಬರ್ಮನ್ ಬಾಂಬೆಗೆ ಕರೆಸಿಕೊಂಡರು. ಬ್ಲೂ ಫಾಕ್ಸ್ ಇದ್ದ ಜಾಗಕ್ಕೆ ಮುಂದೆ ಮೆಕ್‌ಡೊನಾಲ್ಡ್ಸ್ ಬಂತು.

ಒಬ್ಬರು ಮಾತ್ರ ಉಲ್ಟಾ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಗಿಟಾರ್ ವಾದಕ ಕಾರ್ಲ್‌ಟನ್ ಕಿಟ್ಟೊ ಕಲ್ಕತ್ತಾಗೆ ಹೋದದ್ದೇ 70ರ ದಶಕದಲ್ಲಿ, ಉಳಿದವರು ಗಂಟುಮೂಟೆ ಕಟ್ಟುತ್ತಿದ್ದಾಗ. ಸಿನಿಮಾ ಕಡೆ ಹೊರಳದೆ ಬೀಬಾಪ್ ಅನ್ನೋ ವೇಗದ ಜಾಝ್ ಶೈಲಿಯನ್ನೇ ಹಿಡಿದು ಕೂತರು. ಹುಡುಗರಿಗೆ ಗಿಟಾರ್ ಪಾಠ ಹೇಳುತ್ತಾ, ಸಿಕ್ಕ ಕಡೆ ನುಡಿಸುತ್ತಾ 2016ರಲ್ಲಿ ತೀರಿಕೊಳ್ಳುವವರೆಗೂ ಅದೇ ಊರಲ್ಲಿದ್ದರು.