ಧರ್ಮ ಕೇಳಿದರೆ ಸಿಟ್ಟು ಹೇಳುತ್ತಾರೆ

ಜನರ ಅಭಿಪ್ರಾಯ ಕೇಳುವುದೇ ನನ್ನ ಹೊಟ್ಟೆಪಾಡು. ಸರ್ವೆ ಕೆಲಸ. ಪ್ರಶ್ನೆ ಬರೆಯುತ್ತೇನೆ, ಹುಡುಗರಿಗೆ ತರಬೇತಿ ಕೊಡುತ್ತೇನೆ, ಆಗಾಗ ನಾನೇ ಟ್ಯಾಬ್ ಹಿಡಿದು ಮನೆ ಮನೆ ಸುತ್ತುತ್ತೇನೆ. ಒಮ್ಮೆ ದಾವಣಗೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಜಗಲಿ ಮೇಲೆ ಕೂತಿದ್ದ ಯಜಮಾನರೊಬ್ಬರು ನನ್ನ ಮೊದಲ ಪ್ರಶ್ನೆ ಮುಗಿಯುವ ಮುಂಚೆಯೇ, "ಅದಿರ್ಲಿ, ನೀವು ಯಾರ ಪೈಕಿ?" ಅಂದರು. ಹೆಸರು ಹೇಳಿದೆ, ಸಾಕಾಗಲಿಲ್ಲ. ಊರು ಹೇಳಿದೆ. ಅಪ್ಪನ ಹೆಸರು ಕೇಳಿದರು. ಲೆಕ್ಕ ಕೂಡಿದ ಮೇಲೆ, "ಹಾಂ, ಈಗ ಕೇಳಿ" ಅಂದರು. ಮುಂದಿನ ಇಪ್ಪತ್ತು ನಿಮಿಷ ಬಂದ ಉತ್ತರಗಳೆಲ್ಲ ನನ್ನನ್ನು ನೋಡಿಕೊಂಡು ಹದ ಮಾಡಿದವು. ಜಾತಿ ನೋಡಿ ವೋಟು ಹಾಕ್ತೀರಾ ಅಂತ ಕೇಳಿದೆ. "ಛೇ, ನಾವು ಹಾಗೆಲ್ಲ ಇಲ್ಲಪ್ಪ. ಈ ಊರಿನವರು ನೋಡ್ತಾರೆ." ಅವತ್ತು ಆ ಊರಲ್ಲಿ ಹದಿನಾಲ್ಕು ಮನೆ ಮಾಡಿದೆ. ಎಲ್ಲ ಮನೆಯಲ್ಲೂ ಇದೇ ಉತ್ತರ. ಹಾಗಾದರೆ ನೋಡುವವರು ಯಾರು?

ಈ ಕಸುಬಿಗೆ ಇದು ಹಳೇ ತಲೆನೋವು. ಅಮೆರಿಕದಲ್ಲಿ ಇದಕ್ಕೆ ಬ್ರಾಡ್ಲಿ ಎಫೆಕ್ಟ್ ಅಂತ ಹೆಸರೇ ಇದೆ. 1982ರಲ್ಲಿ ಲಾಸ್ ಏಂಜಲೀಸ್‌ನ ಕಪ್ಪು ವರ್ಣೀಯ ಮೇಯರ್ ಟಾಮ್ ಬ್ರಾಡ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆಗೆ ನಿಂತರು. ಸಮೀಕ್ಷೆಯಲ್ಲಿ ಮುಂದಿದ್ದರು, ಎಣಿಕೆಯಲ್ಲಿ ಸೋತರು. 1989ರಲ್ಲಿ ವರ್ಜೀನಿಯಾದ ಗವರ್ನರ್ ಚುನಾವಣೆಯಲ್ಲಿ ಇನ್ನೊಬ್ಬ ಕಪ್ಪು ವರ್ಣೀಯ ಅಭ್ಯರ್ಥಿ ಡಗ್ಲಸ್ ವೈಲ್ಡರ್ ಆರಾಮಾಗಿ ಗೆಲ್ಲುತ್ತಾರೆ ಅಂತ ಸಮೀಕ್ಷೆಗಳು ಹೇಳಿದ್ದವು. ಗೆದ್ದಿದ್ದು ಅರ್ಧ ಪರ್ಸೆಂಟ್‌ಗಿಂತ ಕಮ್ಮಿ ಅಂತರದಲ್ಲಿ. ಪ್ರಶ್ನೆ ಕೇಳುವವರ ಬಣ್ಣ ಬದಲಾದರೆ ಬಿಳಿಯರ ಉತ್ತರವೂ ಬದಲಾಗುತ್ತಿತ್ತು. ಬ್ರಾಡ್ಲಿ ಸೋಲಿಗೆ ಅಂಚೆ ಮತಗಳಂಥ ಬೇರೆ ಕಾರಣವೂ ಇತ್ತು, ಎಲ್ಲವನ್ನೂ ಬಣ್ಣದ ತಲೆಗೆ ಕಟ್ಟುವುದು ಬೇಡ.

2008ರಲ್ಲಿ ಅಧ್ಯಕ್ಷ ಚುನಾವಣೆಗೆ ಒಬಾಮಾ ನಿಂತಾಗ ನಮ್ಮ ಕಸುಬಿನವರೆಲ್ಲ ಇದಕ್ಕೇ ಕಾಯುತ್ತಿದ್ದರು. ನವೆಂಬರ್‌ನಲ್ಲಿ ಅಂಥದ್ದೇನೂ ಆಗಲಿಲ್ಲ. ಸಮೀಕ್ಷೆಗಳ ಹತ್ತಿರವೇ ಫಲಿತಾಂಶ ಬಂತು, ಸುಮಾರು 53 ಪರ್ಸೆಂಟ್ ಮತ. ಬಣ್ಣದ ಕಥೆ ಮುಗಿಯಿತು ಅಂತ ಬರೆದವರೂ ಇದ್ದರು. ನನ್ನ ಕಣ್ಣು ಇದ್ದದ್ದು ಇನ್ನೊಂದು ಪ್ರಶ್ನೆಯ ಮೇಲೆ. ಒಬಾಮಾ ಅವರ ಧರ್ಮ ಯಾವುದು?

ಅಪ್ಪ ಕೀನ್ಯಾದವರು, ಅಮ್ಮ ಕ್ಯಾನ್ಸಸ್‌ನ ಬಿಳಿ ಹೆಣ್ಣುಮಗಳು. ನಡುವಿನ ಹೆಸರು ಹುಸೇನ್. ಚಿಕ್ಕಂದಿನಲ್ಲಿ ಕೆಲವು ವರ್ಷ ಜಕಾರ್ತಾದಲ್ಲಿ ಇದ್ದರು. ದೊಡ್ಡವರಾದ ಮೇಲೆ ಶಿಕಾಗೋದ ಟ್ರಿನಿಟಿ ಚರ್ಚಿಗೆ ವರ್ಷಗಟ್ಟಲೆ ನಡೆದುಕೊಂಡರು. 2008ರ ಮಾರ್ಚ್‌ನಲ್ಲಿ ಆ ಚರ್ಚಿನ ಪಾದ್ರಿ ಜೆರೆಮಯಾ ರೈಟ್ ಅವರ ಖಾರದ ಪ್ರವಚನಗಳು ಟಿವಿಯಲ್ಲಿ ಓಡಿದವು. ಒಬಾಮಾ ಫಿಲಡೆಲ್ಫಿಯಾದಲ್ಲಿ ಅದಕ್ಕಾಗಿ ದೊಡ್ಡ ಭಾಷಣವನ್ನೇ ಮಾಡಬೇಕಾಯಿತು. ಪಾದ್ರಿ ಸರಿಯಿಲ್ಲ ಅಂತಲೂ ಬೈಸಿಕೊಂಡರು, ಮುಸ್ಲಿಂ ಅಂತಲೂ ಬೈಸಿಕೊಂಡರು, ಅದೂ ಒಂದೇ ವರ್ಷದಲ್ಲಿ. ಯಾವ ಮುಸ್ಲಿಮನಿಗೆ ಚರ್ಚಿನ ಪಾದ್ರಿ ಗುರು ಆಗಿರುತ್ತಾರೆ ಸ್ವಾಮಿ?

ಈಗ ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ಕೊಟ್ಟ ಅಂಕಿ ನೋಡಿ. 2009ರ ಮಾರ್ಚ್‌ನಲ್ಲಿ ಒಬಾಮಾ ಮುಸ್ಲಿಂ ಅಂದವರು 11 ಪರ್ಸೆಂಟ್. 2010ರ ಆಗಸ್ಟ್ ಹೊತ್ತಿಗೆ 18. ಕ್ರೈಸ್ತ ಅಂದವರು 48ರಿಂದ 34ಕ್ಕೆ ಇಳಿದರು. ಒಬ್ಬ ಮನುಷ್ಯನನ್ನು ದಿನಾ ಟಿವಿಯಲ್ಲಿ ನೋಡಿದ ಹಾಗೆಲ್ಲ ಅವನ ಬಗ್ಗೆ ಸರಿಯಾಗಿ ಗೊತ್ತಾಗಬೇಕು, ಅಲ್ವಾ? ಇಲ್ಲಿ ಉಲ್ಟಾ. ಎದುರು ಪಕ್ಷದವರಲ್ಲಿ ಮುಸ್ಲಿಂ ಅನ್ನುವವರು ಜಾಸ್ತಿ ಆದರು, ಅದನ್ನು ಊಹಿಸಬಹುದಿತ್ತು. ಆದರೆ ಅವರದೇ ಪಕ್ಷದವರಲ್ಲೂ ಕ್ರೈಸ್ತ ಅನ್ನುವವರು ಅರ್ಧಕ್ಕಿಂತ ಕೆಳಗೆ ಬಂದರು. ಎಲ್ಲಿಂದ ಗೊತ್ತಾಯಿತು ಅಂತ ಕೇಳಿದಾಗ, ಮುಸ್ಲಿಂ ಅಂದವರಲ್ಲಿ ಹತ್ತರಲ್ಲಿ ಆರು ಜನ ಮಾಧ್ಯಮದ ಕಡೆ ಬೆರಳು ತೋರಿಸಿದರು.

ಪ್ರಶ್ನೆಪಟ್ಟಿ ಬರೆಯುವವನಾಗಿ ನನ್ನ ಅಂದಾಜು ಹೀಗಿದೆ. ಈ ಉತ್ತರ ಕೊಟ್ಟವರಲ್ಲಿ ಬಹಳ ಮಂದಿ ನಮಗೆ ಮಾಹಿತಿ ಕೊಡುತ್ತಿರಲಿಲ್ಲ, ದೂರು ಕೊಡುತ್ತಿದ್ದರು. ಈತ ನಮ್ಮವನಲ್ಲ ಅನ್ನುವ ದೂರು. ಬಣ್ಣದ ಹೆಸರಲ್ಲಿ ಅದನ್ನು ಹೇಳಲು ಬಾಯಿ ಬರುವುದಿಲ್ಲ. ಧರ್ಮದ ಹೆಸರಲ್ಲಿ ಹೇಳಬಹುದು. ಇದಕ್ಕೆ ಅಲ್ಲಿನ ಇನ್ನೊಂದು ಸಮೀಕ್ಷಾ ಸಂಸ್ಥೆ ಗ್ಯಾಲಪ್‌ನ ಒಂದು ಹಳೇ ಪ್ರಶ್ನೆ ಸಾಕ್ಷಿ. ಇಂಥವರು ನಿಂತರೆ ಅಧ್ಯಕ್ಷ ಹುದ್ದೆಗೆ ವೋಟು ಹಾಕುತ್ತೀರಾ ಅಂತ ಅವರು ದಶಕಗಳಿಂದ ಕೇಳುತ್ತಿದ್ದಾರೆ. 1958ರಲ್ಲಿ ಕಪ್ಪು ವರ್ಣೀಯರಿಗೆ ಹಾಕುತ್ತೇವೆ ಅಂದವರು 40 ಪರ್ಸೆಂಟ್ ಕೂಡ ಇರಲಿಲ್ಲ. 2015ರಲ್ಲಿ 92. ಅದೇ 2015ರಲ್ಲಿ ಮುಸ್ಲಿಮರಿಗೆ 60, ದೇವರನ್ನು ನಂಬದವರಿಗೆ 58. ಆ 92ರಲ್ಲಿ ಎಷ್ಟು ನಿಜ, ಎಷ್ಟು ಮುಲಾಜು ಅಂತ ಅಂಕಿ ನೋಡಿ ಹೇಳಲಾಗದು. 60 ಮಾತ್ರ ಮುಲಾಜಿಲ್ಲದ ಅಂಕಿ.

ಮುಲಾಜನ್ನು ದಾಟಲು ನಮ್ಮ ಕಸುಬಿನಲ್ಲಿ ಒಂದು ಉಪಾಯ ಇದೆ. ಅರ್ಧ ಜನರಿಗೆ ಸಿಟ್ಟು ಬರಿಸುವ ಮೂರು ಸಂಗತಿ ಓದಿ ಹೇಳುತ್ತೇವೆ, ಪೆಟ್ರೋಲ್ ರೇಟು ಏರುವುದು ಇತ್ಯಾದಿ. ಉಳಿದರ್ಧ ಜನರಿಗೆ ಅದೇ ಮೂರರ ಜೊತೆ ನಾಲ್ಕನೆಯದು: ಪಕ್ಕದ ಮನೆಗೆ ಕಪ್ಪು ಕುಟುಂಬ ಬರುವುದು. ಯಾವುದಕ್ಕೆ ಸಿಟ್ಟು ಅಂತ ಹೇಳಬೇಡಿ, ಎಷ್ಟಕ್ಕೆ ಅಂತ ಮಾತ್ರ ಹೇಳಿ ಅನ್ನುತ್ತೇವೆ. ಮೊದಲ ಗುಂಪಿನ ಸರಾಸರಿ 1.9, ಎರಡನೆಯದು 2.3 ಬಂತು ಅಂತಿಟ್ಟುಕೊಳ್ಳಿ. ವ್ಯತ್ಯಾಸ 0.4, ಅಂದರೆ ನೂರಕ್ಕೆ ಸುಮಾರು 40 ಜನರಿಗೆ ಆ ನಾಲ್ಕನೆಯದು ಚುಚ್ಚಿದೆ. ಯಾರಿಗೆ ಅಂತ ನಮಗೂ ಗೊತ್ತಾಗುವುದಿಲ್ಲ. ಅದಕ್ಕೇ ಜನ ನಿಜ ಹೇಳುತ್ತಾರೆ. ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರನ್ನು ಈ ರೀತಿ ಕೇಳಿದಾಗ, ನೇರ ಕೇಳಿದಾಗ ಸಿಗದ ಸಿಟ್ಟು ಸಿಕ್ಕಿತ್ತು.

ಮುಲಾಜು ದೊಡ್ಡವರ ಬಾಯಲ್ಲೂ ಜಾರುತ್ತದೆ. 2008ರ ಅಕ್ಟೋಬರ್‌ನಲ್ಲಿ ಮಿನ್ನೆಸೋಟಾದ ಸಭೆಯೊಂದರಲ್ಲಿ ಒಬ್ಬ ಹೆಂಗಸು ಮೈಕ್ ಹಿಡಿದು, ಒಬಾಮಾ ಅರಬ್ ಅಂದರು. ಎದುರಾಳಿ ಜಾನ್ ಮೆಕೇನ್ ಮೈಕ್ ತೆಗೆದುಕೊಂಡು, ಇಲ್ಲಮ್ಮ, ಅವರು ಮರ್ಯಾದಸ್ಥರು, ಸಂಸಾರಸ್ಥರು, ಈ ದೇಶದ ಪ್ರಜೆ ಅಂದರು. ಸ್ವಂತ ಬೆಂಬಲಿಗರ ಎದುರು ಹಾಗೆ ಹೇಳಲು ಧೈರ್ಯ ಬೇಕು, ಒಪ್ಪುತ್ತೇನೆ. ಆದರೆ ಇನ್ನೊಮ್ಮೆ ಓದಿ. ಅರಬ್ ಅಂದದ್ದಕ್ಕೆ ಉತ್ತರ ಮರ್ಯಾದಸ್ಥ! ಅದೇ ತಿಂಗಳು ಮೆಕೇನ್ ಅವರದೇ ಪಕ್ಷದ, ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಟಿವಿಯಲ್ಲಿ, ಒಬಾಮಾ ಕ್ರೈಸ್ತರು ಅನ್ನುವುದು ಸರಿ, ಆದರೆ ಮುಸ್ಲಿಂ ಆಗಿದ್ದರೆ ಏನೀಗ ಅಂತ ಕೇಳಿದರು. ತಾವು ನೋಡಿದ ಒಂದು ಫೋಟೋದ ಬಗ್ಗೆ ಹೇಳಿದರು. ಆರ್ಲಿಂಗ್ಟನ್ ಸೈನಿಕರ ಸ್ಮಶಾನದಲ್ಲಿ ಒಬ್ಬ ತಾಯಿ ಮಗನ ಸಮಾಧಿ ಕಲ್ಲಿಗೆ ತಲೆ ಆನಿಸಿ ಕೂತಿದ್ದಾರೆ. ಹುಡುಗನಿಗೆ 20 ವರ್ಷ, ಇರಾಕ್‌ನಲ್ಲಿ ಸತ್ತವನು. ಕಲ್ಲಿನ ಮೇಲೆ ಅರ್ಧಚಂದ್ರ, ನಕ್ಷತ್ರ.

ಪ್ಯೂನವರ "ಎಲ್ಲಿಂದ ಗೊತ್ತಾಯಿತು" ಪ್ರಶ್ನೆಯನ್ನು ನಾನೂ ನನ್ನ ಪಟ್ಟಿಗೆ ಸೇರಿಸಿಕೊಂಡಿದ್ದೇನೆ. ಹೋದ ಸಲ ಒಬ್ಬ ಅಭ್ಯರ್ಥಿಯ ಬಗ್ಗೆ, ಅವರು ಇಂಥ ಜನ ಅಂತ ಒಬ್ಬ ಅಮ್ಮ ಖಡಕ್ಕಾಗಿ ಹೇಳಿದರು. ತಪ್ಪು ಹೇಳಿದ್ದರು. ನಮ್ಮ ಹುಡುಗಿ ಮುಂದಿನ ಪ್ರಶ್ನೆ ಓದಿದಳು: ಇದು ನಿಮಗೆ ಎಲ್ಲಿಂದ ಗೊತ್ತಾಯ್ತಮ್ಮ?

"ಎಲ್ಲಿಂದ ಅಂದ್ರೆ? ಮುಖ ನೋಡಿದ್ರೆ ಗೊತ್ತಾಗಲ್ವೇನೇ ತಾಯಿ?"