ನಂಟು: ಗ್ಲಾಕೋಮಾಗೂ ಅಲ್ಜೈಮರ್‌ಗೂ ಇರುವುದು ಎಂಥದ್ದು?

"ಗ್ಲಾಕೋಮಾಗೂ ಅಲ್ಜೈಮರ್‌ಗೂ ನಂಟು" ಎಂಬ ಸಾಲು ದಾವಣಗೆರೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತಿ ಸುತ್ತಿ "ಕಣ್ಣಿನ ಬಿಪಿ ಇದ್ದೋರಿಗೆ ಮರೆವಿನ ಕಾಯಿಲೆ ಗ್ಯಾರಂಟಿ" ಎಂದಾಗಿದೆ. ಕಣ್ಣಿನ ಬಿಪಿ ಎಂದು ಜನ ಕರೆಯುವುದು ಗ್ಲಾಕೋಮಾವನ್ನು, ಅಂದರೆ ದೃಷ್ಟಿನರ ಹಾಳಾಗಿ ನೋಟ ಕುಂದುವ ಕಾಯಿಲೆಯನ್ನು; ಮರೆವಿನ ಕಾಯಿಲೆ ಎಂದರೆ ಇಲ್ಲಿ ಅಲ್ಜೈಮರ್. ಪಿ.ಬಿ. ರಸ್ತೆಯ ಔಷಧಿ ಅಂಗಡಿಯಲ್ಲಿ ಕಣ್ಣಿನ ಹನಿ ಕೊಳ್ಳುತ್ತಿದ್ದ ಹಿರಿಯರೊಬ್ಬರು ಕೇಳಿಯೇಬಿಟ್ಟರು: "ಇದು ತಲೀಗೂ ಏರ್ತತಂತಲ್ರೀ, ಹೌದೇನ್ರೀ?" ಹಾಗೆಂದು ಯಾರೂ ಸಾಬೀತು ಮಾಡಿಲ್ಲ.

ತಪ್ಪು ಆಗಿರುವುದು ನಂಟಿನ ಅರ್ಥದಲ್ಲಿ. ನಂಟು, ನಂಟ, ನೆಂಟ, ನೆಂಟಸ್ತನ ಎಲ್ಲ ಒಂದೇ ಮೂಲದವು. ಕೊಟ್ಟು ತಂದವರು ನೆಂಟರು. ಹೆತ್ತ ಮಗನನ್ನು ಯಾರೂ ನೆಂಟ ಎನ್ನುವುದಿಲ್ಲ. "ನೆಂಟರ ಹಂಗ ಬಂದು ಹೋಗ್ತೀಯಲ್ಲೋ" ಎಂದರೆ ಅದು ಬೈಗುಳ. ಒಂದು ಇನ್ನೊಂದನ್ನು ಹುಟ್ಟಿಸಿದರೆ ಅದಕ್ಕೆ ಕಾರಣ ಎಂಬ ಬೇರೆ ಮಾತೇ ಇದೆ. ಸಂಶೋಧಕರ ನಂಟು ಎಂದರೆ, ಎರಡೂ ಕಾಯಿಲೆ ಒಬ್ಬರಲ್ಲೇ ಆಕಸ್ಮಿಕಕ್ಕಿಂತ ಹೆಚ್ಚಾಗಿ ಕಾಣುತ್ತವೆಯೇ ಎಂಬುದಷ್ಟೇ. ಮೂರನೆಯವರ ಕಡೆಯಿಂದಲೂ ನೆಂಟಸ್ತನ ಬರುತ್ತದೆ. ಇಲ್ಲಿ ವಯಸ್ಸೇ ಆ ಮೂರನೆಯವರಾಗಿರಬಹುದು.

ನಂಟಿನ ಅನುಮಾನ ಸುಮ್ಮನೆ ಹುಟ್ಟಿದ್ದೂ ಅಲ್ಲ. ಭ್ರೂಣದಲ್ಲಿ ರೆಟಿನಾ (ಕಣ್ಣಿನ ಹಿಂಬದಿಯ, ಬೆಳಕು ಹಿಡಿಯುವ ಪದರ) ಮೂಡುವುದು ಮೆದುಳಿನ ಭಾಗವಾಗಿಯೇ. ಅಲ್ಲಿಂದ ಹೊರಡುವ ಸುಮಾರು 10 ಲಕ್ಷ ಎಳೆಗಳ ಕಟ್ಟು ದೃಷ್ಟಿನರ. ಗ್ಲಾಕೋಮಾದಲ್ಲಿ ಆ ಎಳೆಗಳ ನರಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. 1906ರಲ್ಲಿ ಅಲೋಯಿಸ್ ಅಲ್ಜೈಮರ್ ವಿವರಿಸಿದ ಕಾಯಿಲೆಯಲ್ಲಿ ಸಾಯುವುದು ಮೆದುಳಿನ ನರಕೋಶಗಳು. ಅಲ್ಲಿ ಶೇಖರವಾಗುವ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಣುಕು, ಗ್ಲಾಕೋಮಾ ತರಿಸಿದ ಪ್ರಯೋಗದ ಇಲಿಗಳ ರೆಟಿನಾದಲ್ಲೂ ಸಿಕ್ಕಿದೆ. ಕಣ್ಣೊಳಗಿನ ಒತ್ತಡ ಸಾಮಾನ್ಯ ಮಿತಿಯಾದ 21 ಮಿ.ಮೀ. ಪಾದರಸವನ್ನು ದಾಟದವರಿಗೂ ಗ್ಲಾಕೋಮಾ ಬರುವುದರಿಂದ "ಕಣ್ಣಿನ ಬಿಪಿ" ಎಂಬ ಹೆಸರೂ ಅರ್ಧವೇ ಸರಿ.

ಜನರ ಮೇಲಿನ ಅಧ್ಯಯನಗಳಲ್ಲಿ ಕೆಲವು ನಂಟಿದೆ ಎಂದಿವೆ, ಕೆಲವು ಇಲ್ಲ ಎಂದಿವೆ. ಮರೆವಿನ ಪರೀಕ್ಷೆಯಲ್ಲಿ ಗಡಿಯಾರ ಬರೆಸುತ್ತಾರೆ, ಒಂದಕ್ಕೊಂದು ಹಾಯ್ದ ಎರಡು ಪಂಚಕೋನಗಳನ್ನು ನೋಡಿ ಬರೆಯಲು ಹೇಳುತ್ತಾರೆ. ಗ್ಲಾಕೋಮಾದಿಂದ ಪಕ್ಕದ ನೋಟ ಹೋದವರು ಅಲ್ಲಿ ಅಂಕ ಕಳಕೊಂಡರೆ ಅದು ಮರೆವೋ, ಕಣ್ಣೋ?

ತಕರಾರಿಲ್ಲದ ಕೊಂಡಿ ಒಂದಿದೆ. ಗ್ಲಾಕೋಮಾದ ಹನಿ ದಿನವೂ ತಪ್ಪದೆ ಬೀಳಬೇಕು. ಮರೆವು ಇರುವವರು ಎರಡು ಸಲ ಹಾಕಿಕೊಳ್ಳುತ್ತಾರೆ, ಇಲ್ಲವೇ ಬಿಟ್ಟೇಬಿಡುತ್ತಾರೆ. ಅಂಥ ಮನೆಯಲ್ಲಿ ಬಾಟಲಿ ಬೇರೆಯವರ ಕೈಯಲ್ಲಿರಬೇಕು. ಗುಂಪಿನ ಮೆಸೇಜ್ ನೋಡಿ ಹನಿ ನಿಲ್ಲಿಸಿದವರು ಕಣ್ಣಿನ ಡಾಕ್ಟರ ಹತ್ತಿರ ತಡಮಾಡದೆ ಹೋಗಲಿ.