ಸ್ಕೋರ್ 24ರಿಂದ 18ಕ್ಕೆ ಇಳಿದರೆ ಕಾಲಿನ ಚಡಪಡಿಕೆ ಕಡಿಮೆಯಾಯ್ತು ಅಂತಲೇ?

ಪ್ರಶ್ನೆ: ರೆಸ್ಟ್‌ಲೆಸ್ ಲೆಗ್ಸ್‌ಗೆ (ರಾತ್ರಿ ಕಾಲು ಚಡಪಡಿಸುವ ಕಾಯಿಲೆ) ಎರಡು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸ್ಕೋರ್ 24 ಇದ್ದದ್ದು 18 ಆಗಿದೆ. ಮಾತ್ರೆ ಕೆಲಸ ಮಾಡುತ್ತಿದೆ ಅನ್ನಬಹುದಾ?

ಉತ್ತರ: ಇಳಿದಿದೆ, ಅದು ಒಳ್ಳೆಯದೇ. ಆದರೆ ಮಾತ್ರೆಯಿಂದಲೇ ಇಳಿಯಿತು ಅನ್ನಲು ಇಷ್ಟೇ ಸಾಲದು.

ನೀವು ಹೇಳುತ್ತಿರುವುದು ಐಆರ್‌ಎಲ್‌ಎಸ್ ಸ್ಕೋರ್, ಅಂದರೆ ಈ ಕಾಯಿಲೆ ಎಷ್ಟು ಜೋರಾಗಿದೆ ಅಂತ ಅಳೆಯುವ ಪ್ರಶ್ನಾವಳಿಯ ಅಂಕ. ಹತ್ತು ಪ್ರಶ್ನೆ, ಒಂದೊಂದಕ್ಕೂ 0ರಿಂದ 4 ಅಂಕ, ಒಟ್ಟು 40. 21ರಿಂದ 30 ಇದ್ದರೆ ತೀವ್ರ, 11ರಿಂದ 20 ಇದ್ದರೆ ಮಧ್ಯಮ. ತೊಡಕು ಇರುವುದು ಇಲ್ಲಿ: ಈ ಕಾಯಿಲೆಯ ಅಧ್ಯಯನಗಳಲ್ಲಿ ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಿಗೂ ಸರಾಸರಿ 6 ಅಂಕದಷ್ಟು ಇಳಿದಿದೆ. ಅವರು ಸುಮ್ನೆ ಹೇಳಿದ್ದಲ್ಲ, ಅವರಿಗೆ ನಿಜಕ್ಕೂ ಹಾಯೆನಿಸಿದೆ. ಅದಕ್ಕೇ ಸಂಶೋಧಕರು ಹುಸಿ ಮಾತ್ರೆಗಿಂತ ಔಷಧ ಎಷ್ಟು ಹೆಚ್ಚು ಇಳಿಸಿತು ಅಂತ ನೋಡುತ್ತಾರೆ. ಅಲ್ಲಿ ಸುಮಾರು 3 ಅಂಕದ ಅಂತರ ಸಿಕ್ಕರೆ ಲೆಕ್ಕಕ್ಕೆ ಬರುತ್ತದೆ. ಅದು ಗುಂಪಿನ ಲೆಕ್ಕ, ನಿಮ್ಮೊಬ್ಬರದಲ್ಲ. ಜೊತೆಗೆ, ಪ್ರಶ್ನೆಗಳು ಕೇಳುವುದು ಕಳೆದ ಒಂದು ವಾರದ ಬಗ್ಗೆ ಮಾತ್ರ. ಆ ವಾರ ಎರಡು ರಾತ್ರಿ ಬಸ್ಸಿನಲ್ಲಿ ಕೂತು ಹೋಗಿದ್ದರೆ ಅಂಕ ಏರಿರುತ್ತದೆ, ಅಲ್ವಾ?

ನನ್ನನ್ನು ಕೇಳಿದರೆ, ಅಂಕದ ಜೊತೆಗೆ ಗಡಿಯಾರ ನೋಡಿ. ಕಾಲಿನ ಎಳೆತ ಎಷ್ಟು ಗಂಟೆಗೆ ಶುರುವಾಯಿತು, ಎದ್ದು ಓಡಾಡಬೇಕಾಯಿತಾ, ನಿದ್ದೆ ಯಾವಾಗ ಬಂತು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಬರೆದಿಡಿ. ವಾರಕ್ಕೆ ಆರು ರಾತ್ರಿ ಇದ್ದ ಕಾಟ ಎರಡು ರಾತ್ರಿಗೆ ಬಂದರೆ ಅದು ಬದುಕಿಗೆ ತಟ್ಟುವ ಸುಧಾರಣೆ.

ಗಡಿಯಾರ ಇನ್ನೊಂದನ್ನೂ ಹಿಡಿದುಕೊಡುತ್ತದೆ. ಈ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳು ಮೊದಲು ಚೆನ್ನಾಗಿ ಕೆಲಸ ಮಾಡುತ್ತವೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರಿಗೆ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದದ್ದು ಸಂಜೆ ನಾಲ್ಕಕ್ಕೇ ಬರತೊಡಗುತ್ತದೆ, ಕೈಗೂ ಹರಡುತ್ತದೆ. ಡೋಸ್ ಸಾಲುತ್ತಿಲ್ಲ ಅನ್ನಿಸುತ್ತದೆ, ಆದರೆ ಇದು ಆ ಔಷಧದಿಂದಲೇ ಆಗುವ ಉಲ್ಬಣ. ಡೋಸ್ ಏರಿಸಿದರೆ ಜಾಸ್ತಿಯಾಗುತ್ತದೆ. ಹಾಗಂತ ತಟ್ಟನೆ ನಿಲ್ಲಿಸಲೂಬೇಡಿ, ವೈದ್ಯರಿಗೆ ಹೇಳಿ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2025ರ ಮಾರ್ಗಸೂಚಿಯಲ್ಲಿ ಈ ಎರಡನ್ನೂ ರೂಢಿಯಾಗಿ ಕೊಡಬೇಡಿ ಅಂದಿರುವುದು ಇದಕ್ಕೇ.

ಫೆರಿಟಿನ್, ಅಂದರೆ ದೇಹದಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ, ನೋಡಿಸಿದ್ದೀರಾ? ಲ್ಯಾಬ್ ವರದಿಯಲ್ಲಿ 30 ಇದ್ದರೂ ‘ನಾರ್ಮಲ್’ ಅಂತ ಬರಬಹುದು. ಈ ಕಾಯಿಲೆಯಲ್ಲಿ ವಯಸ್ಕರಿಗೆ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶ ಕೊಡುವ ಬಗ್ಗೆ ಯೋಚಿಸುತ್ತಾರೆ. ಮುಂದಿನ ಸಲ ಹೋಗುವಾಗ ಆ ವರದಿಯನ್ನೂ ಕ್ಯಾಲೆಂಡರಿನ ಹಾಳೆಯನ್ನೂ ಜೊತೆಗೆ ಒಯ್ಯಿರಿ.